ಕೊನೆಗೆ ತೆಗೆದ ಚಿತ್ರ ಕಳಿಸು

ಆರ್.ಟಿ. ನಗರ, ಬೆಂಗಳೂರು
10 ನವೆಂಬರ್ 2010

ಅಪ್ಪಾಜಿಯವರಿಗೆ ಸಬೀರಾಳ ಸಲಾಮು.

ಮೂರು ಸಲ ಫೋನ್ ಮಾಡಿದೆ. ಒಮ್ಮೆ ನೀವೇ ಎತ್ತಿ "ಯಾರು, ಯಾರು" ಎಂದು ಕೂಗಿ ಇಟ್ಟುಬಿಟ್ಟಿರಿ. ಆಮೇಲೆ ಎತ್ತಲೇ ಇಲ್ಲ. ನನ್ನ ಮೇಲೆ ಸಿಟ್ಟಿದ್ದರೆ ಬೈದು ಒಂದು ಕಾರ್ಡಾದರೂ ಹಾಕಿ. ನನಗೆ ಕ್ಯಾಮೆರಾ ಹಿಡಿಯಲು ಕಲಿಸಿದ ಯಶವಂತಪುರದ ಸ್ಟುಡಿಯೋ ಮುಚ್ಚಿ ನೀವು ಬ್ಯಾಡಗಿಗೆ ಹೋದ ಮೇಲೆ ನಾನೊಂದು ಸಲವೂ ಬಂದು ನೋಡಲಿಲ್ಲ. ಈಗ ಕಷ್ಟ ಬಂದಿದೆ, ಬರೆಯುತ್ತಿದ್ದೇನೆ. ಸಂಕಟ ಬಂದಾಗ ವೆಂಕಟರಮಣ ಅನ್ನುತ್ತಾರಲ್ಲ, ನನ್ನ ಕಥೆಯೂ ಅದೇ.

ಹೋದ ವಾರ ಹೆಬ್ಬಾಳದ ಒಂದು ಮದುವೆಯಲ್ಲಿ ನನ್ನ ಕ್ಯಾಮೆರಾದ ಶಟರ್ ನಿಂತುಹೋಯಿತು. ಹುಡುಗಿ ತಾಯಿಯನ್ನು ತಬ್ಬಿ ಅಳುತ್ತಿದ್ದಾಳೆ, ನಾನು ಗುಂಡಿ ಒತ್ತುತ್ತಲೇ ಇದ್ದೇನೆ, ಒಳಗೆ ಏನೂ ಆಗುತ್ತಿಲ್ಲ. ಆ ಮನೆಯವರ ಮುಖ ನೆನೆದರೆ ಈಗಲೂ ಬೆವರುತ್ತೇನೆ.

ಇದೇ 28ಕ್ಕೆ ನಮ್ಮ ಬೀದಿಯಲ್ಲೇ ದೊಡ್ಡ ಮದುವೆಯಿದೆ. ಬದರುನ್ನೀಸಾ ಅಮ್ಮನವರ ಕಿರಿಯ ಮಗನಿಗೆ ಲೈಬಾ ಎಂಬ ಹುಡುಗಿಯನ್ನು ತರುತ್ತಿದ್ದಾರೆ. ಹೆಂಗಸರ ಕಡೆಯ ಫೋಟೋ ನನ್ನದು. ಹಿರಿಯ ಮಗ ಮುಜಫ್ಫರ್ ಸಾಹೇಬರಿಗೆ ಫೋಟೋನೇ ಬೇಡವಾಗಿತ್ತು. ಬದರುನ್ನೀಸಾ ಅವರು ತಮ್ಮ ಮಾತಿನ ಮೇಲೆ ಒಪ್ಪಿಸಿದ್ದಾರೆ. ಲ್ಯಾಬಿಗೆ ಕೊಡುವ ಹಾಗಿಲ್ಲ, ನಾನೇ ಮನೆಯಲ್ಲಿ ಪ್ರಿಂಟ್ ಹಾಕಬೇಕು. ಆಲ್ಬಮ್ ಕೊಡುವ ದಿನ ಮೆಮೊರಿ ಕಾರ್ಡೂ ಅವರ ಕೈಗೆ, ನನ್ನ ಕಂಪ್ಯೂಟರಿನಲ್ಲಿ ಒಂದೂ ಉಳಿಯಬಾರದು. ಮಾತುಕತೆಯ ದಿನ ಮುಜಫ್ಫರ್ ಸಾಹೇಬರು ಪರದೆಯ ಆಚೆಯಿಂದಲೇ ಹೇಳಿದರು: "ಒಂದು ಫೋಟೋ ಹೊರಗೆ ಹೋದ್ರೂ, ಆ ಹುಡುಗಿ ಕಾಲೇಜು ಗೀಲೇಜು ಎಲ್ಲಾ ಬಂದ್." ಲೈಬಾ ಬಿ.ಎಸ್ಸಿ. ಎರಡನೇ ವರ್ಷದಲ್ಲಿದ್ದಾಳೆ. ಮದುವೆಯಾದ ಮೇಲೂ ಓದಬಹುದು ಎಂಬ ಒಂದೇ ಆಸೆಗೆ ಈ ಸಂಬಂಧಕ್ಕೆ ಹೂಂ ಅಂದವಳು ಅವಳು.

ಲೆನ್ಸು ನನ್ನ ಬಳಿ ಇದೆ, ಕ್ಯಾಮೆರಾದ ಬಾಡಿ ಮಾತ್ರ ಬೇಕು. ಹೊಸದಕ್ಕೆ ಕೈ ಹಾಕುವ ಹಾಗಿಲ್ಲ. ಗೊರಗುಂಟೆಪಾಳ್ಯದಲ್ಲಿ ನಂದಕುಮಾರ್ ಎನ್ನುವವರು ಹಳೇ ಬಾಡಿ ಮಾರುತ್ತಾರೆ. ಕ್ಯಾಮೆರಾದ ಪರದೆಯ ಮೇಲೆ ಫೋಟೋದ ನಂಬರ್ ತೋರಿಸಿ, "ನೋಡಿ ಮೇಡಂ, ಎರಡು ಸಾವಿರದ ಚಿಲ್ರೆ ಅಷ್ಟೇ ಹೊಡ್ದಿರೋದು, ಹೊಸಾದೇ ಅಂದ್ಕೊಳಿ" ಅಂದರು. ನಂಬಲೇ? ಬೇಗ ಬರೆಯಿರಿ.

ನಿಮ್ಮ
ಸಬೀರಾ


ಬ್ಯಾಡಗಿ
15 ನವೆಂಬರ್ 2010

ಮಗಳು ಸಬೀರಾಳಿಗೆ ಗುರುಪಾದಪ್ಪ ಮಾಡುವ ಆಶೀರ್ವಾದ.

ಸಿಟ್ಟೂ ಇಲ್ಲ, ಸೆಡವೂ ಇಲ್ಲ. ಫೋನ್ ಕೆಟ್ಟಿದೆ, ರಿಪೇರಿಗೆ ಕೊಟ್ಟಿಲ್ಲ. ಇನ್ನು ಮೇಲೆ ಫೋನ್ ಮಾಡಬೇಡ, ಪತ್ರವನ್ನೇ ಬರಿ. ನಿನ್ನ ಅಕ್ಷರ ನೋಡಿದರೆ ನನಗೆ ನೀನೇ ಬಂದಷ್ಟು ಸಂತೋಷ.

ನಿನ್ನ ನಂದಕುಮಾರ್ ಘಾಟಿ ಮನುಷ್ಯ. ಆ ನಂಬರ್ ಒಂಬತ್ತು ಸಾವಿರದ ಒಂಬೈನೂರ ತೊಂಬತ್ತೊಂಬತ್ತು ಮುಟ್ಟಿದ ಮೇಲೆ ಮತ್ತೆ ಒಂದರಿಂದ ಶುರುವಾಗುತ್ತದೆ. ಎಷ್ಟು ಸುತ್ತು ಹೊಡೆದಿದೆಯೋ ಶಿವನೇ ಬಲ್ಲ. ಎತ್ತು ಕೊಳ್ಳುವವನು ಹಲ್ಲು ನೋಡುತ್ತಾನೆ, ಕೊಂಬಿಗೆ ಹಚ್ಚಿದ ಬಣ್ಣ ನೋಡುವುದಿಲ್ಲ. ಬಲಗೈ ಹಿಡಿಯುವ ಕಡೆ ರಬ್ಬರು ಸವೆದು ನುಣುಪಾಗಿದೆಯೇ ನೋಡು. ಲೆನ್ಸು ಬಿಚ್ಚಿ ಒಳಗಿನ ಶಟರಿನ ಪಟ್ಟಿಗಳ ಮೇಲೆ ಎಣ್ಣೆಯ ಗೆರೆ ಇದೆಯೇ ನೋಡು. ಆಮೇಲೆ ಕಿವಿಗೆ ಹಿಡಿದು ಒತ್ತು. ನಿನಗೆ ನೆನಪಿರಬೇಕು, ನಾನು ಕಿವಿಯಲ್ಲೇ ಶಟರಿನ ಆಯುಷ್ಯ ಹೇಳುತ್ತಿದ್ದೆ.

ಖಚಿತವಾಗಿ ತಿಳಿಯಬೇಕಾದರೆ ಇನ್ನೊಂದು ದಾರಿಯಿದೆ. ಶಟರ್ ಎಷ್ಟು ಸಲ ಬಡಿದಿದೆ ಎಂಬ ಲೆಕ್ಕವನ್ನು ಆ ಕ್ಯಾಮೆರಾ ಪ್ರತಿ ಚಿತ್ರದ ಒಳಗೂ ಬರೆದಿಡುತ್ತದೆ. ಕಣ್ಣಿಗೆ ಕಾಣುವುದಿಲ್ಲ. ಇಲ್ಲಿ ನನ್ನ ತಮ್ಮನ ಮಗ ಮೆಣಸಿನಕಾಯಿ ಮಾರುಕಟ್ಟೆಯ ಹತ್ತಿರ ಸ್ಟುಡಿಯೋ ಇಟ್ಟಿದ್ದಾನೆ, ಅದನ್ನು ಓದುವ ಪ್ರೋಗ್ರಾಮ್ ಅವನ ಹತ್ತಿರ ಇದೆ. ಕೊನೆಗೆ ತೆಗೆದ ಚಿತ್ರ ಸಿ.ಡಿ.ಗೆ ಹಾಕಿ ಕಳಿಸು. ಕೊನೆಯದೇ ಬೇಕು. ಕತ್ತರಿಸಬೇಡ, ಚಿಕ್ಕದು ಮಾಡಬೇಡ, ಬಣ್ಣ ತಿದ್ದಬೇಡ. ಕೈ ಹಚ್ಚಿದರೆ ಲೆಕ್ಕ ಅಳಿಸಿಹೋಗುತ್ತದೆ. ಚಿತ್ರ ಯಾವುದಾದರೇನು, ಮನೆಯ ಗೋಡೆ ತೆಗೆದು ಕಳಿಸು.

ಗುರುಪಾದಪ್ಪ


ಆರ್.ಟಿ. ನಗರ
2 ಡಿಸೆಂಬರ್ 2010

ಅಪ್ಪಾಜಿ,

ಮದುವೆ ಮುಗಿಯಿತು. ಪರೀಕ್ಷೆಗೆಂದು ನಂದಕುಮಾರ್ ನಾಲ್ಕು ದಿನ ಆ ಬಾಡಿ ಕೊಟ್ಟಿದ್ದರು, ಅದರಲ್ಲೇ ತೆಗೆದೆ. ಒಮ್ಮೆಯೂ ನಿಲ್ಲಲಿಲ್ಲ. ರಬ್ಬರು ಹೊಸದು, ಅದೇ ಅನುಮಾನ. ಹಳೆಯದನ್ನು ಕಿತ್ತು ಅಂಟಿಸಿದ್ದಾರೇನೋ. ಕಿವಿಗೆ ಹಿಡಿದು ಕೇಳಿದೆ, ಆದರೆ ನನ್ನ ಕಿವಿ ನಿಮ್ಮ ಕಿವಿಯಲ್ಲವಲ್ಲ.

ಮಾರನೆಯ ಬೆಳಿಗ್ಗೆಯೇ ಬಾಡಿ ವಾಪಸ್ ತೆಗೆದುಕೊಂಡು ಚಿಕ್ಕಬಾಣಾವರದ ಇನ್ಯಾರಿಗೋ ಕೊಟ್ಟಿದ್ದಾರೆ. ಹತ್ತು ದಿನ ಬರುವುದಿಲ್ಲವಂತೆ. ಅಷ್ಟರಲ್ಲಿ ಬೇಕೋ ಬೇಡವೋ ಹೇಳಿ ಎನ್ನುತ್ತಿದ್ದಾರೆ. ಸಿ.ಡಿ. ಇದರ ಜೊತೆ ಇದೆ. ನೀವು ಹೇಳಿದಂತೆ ಕೊನೆಯ ಚಿತ್ರ, ಕೈ ಹಚ್ಚಿಲ್ಲ. ಮನೆಯಲ್ಲಿ ತೆಗೆದದ್ದು. ಲೆಕ್ಕ ಮಾತ್ರ ನೋಡಿ, ಬೇರೇನೂ ನೋಡುವಂಥದ್ದಲ್ಲ.

ಸಬೀರಾ


ಆರ್.ಟಿ. ನಗರ
14 ಡಿಸೆಂಬರ್ 2010

ಅಪ್ಪಾಜಿ,

ಸಿ.ಡಿ. ತಲುಪಿತೇ? ತಲುಪಿತು ಎಂದು ಒಂದು ಸಾಲು ಬರೆಯಿರಿ, ಬೇರೇನೂ ಬೇಡ. ಫೋನ್ ಸ್ವಿಚ್ ಆಫ್ ಎಂದೇ ಬರುತ್ತಿದೆ.

ನಿನ್ನೆ ಆಲ್ಬಮ್ಮೂ ಕಾರ್ಡೂ ಕೊಟ್ಟು ಬಂದೆ. ಬದರುನ್ನೀಸಾ ಅವರು ನನ್ನ ಎರಡೂ ಕೈ ಹಿಡಿದುಕೊಂಡು "ಎಲ್ಲಾ ಕೊಟ್ಯಾ ಬೇಟಿ? ಒಂದೂ ಉಳಿಸ್ಕೊಂಡಿಲ್ಲ ಅಲ್ವಾ?" ಎಂದು ಕೇಳಿದರು. ಎಲ್ಲರನ್ನೂ ಕೇಳುವ ಹಾಗೆ ಕೇಳಿದರು, ಅಷ್ಟೇ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವಳ ಹಾಗೆ ನಾನು ದುಪಟ್ಟಾ ಸರಿಮಾಡಿಕೊಂಡೆ. ಲೈಬಾ ಒಳಗಿನಿಂದ ಪುಸ್ತಕ ಹಿಡಿದು ಬಂದು, ಬುಧವಾರದಿಂದ ಕಾಲೇಜು ಎಂದು ಕುಣಿದಳು.

ಲೆಕ್ಕ ಓದಿದ ಕೂಡಲೇ ಆ ಸಿ.ಡಿ. ಮುರಿದು ಹಾಕಿ. ದಯವಿಟ್ಟು.

ಸಬೀರಾ


ಬ್ಯಾಡಗಿ
17 ಡಿಸೆಂಬರ್ 2010

ಮಗಳೇ,

ತಡವಾಯಿತು. ತಮ್ಮನ ಮಗನಿಗೆ ಮದುವೆ ಸೀಸನ್, ನಿನ್ನ ಸಿ.ಡಿ. ಮೇಜಿನ ಮೇಲೇ ಬಿದ್ದಿತ್ತು. ಇವತ್ತು ನಿನ್ನ ಎರಡನೆಯ ಪತ್ರವೂ ಬಂತು.

ಮೊದಲು ಲೆಕ್ಕ. ಶಟರ್ ತೊಂಬತ್ತೊಂದು ಸಾವಿರ ದಾಟಿದೆ! ಕಂಪನಿಯವರು ಅದಕ್ಕೆ ಹೇಳುವ ಆಯುಷ್ಯವೇ ಒಂದು ಲಕ್ಷ. ಹೊರಗೆ ಥಳಕು, ಒಳಗೆ ಹುಳುಕು. ಆ ಬಾಡಿ ಬೇಡ. ಇನ್ನೆಷ್ಟು ಮದುವೆ ಬಂದೀತು? ನಿಂತರೆ ಹೆಬ್ಬಾಳದಲ್ಲಿ ಆದ ಹಾಗೆಯೇ ಆದೀತು.

ಇನ್ನು ಸಂತೋಷದ ಸುದ್ದಿ. ಲೆಕ್ಕ ನೋಡಲು ಚಿತ್ರ ತೆರೆದವರು ನಾವಿಬ್ಬರೂ ಲೆಕ್ಕ ಮರೆತು ಚಿತ್ರವನ್ನೇ ನೋಡಿದೆವು. ಕೂದಲು ಬಿಚ್ಚಿಕೊಂಡು ನೆಲದ ಮೇಲೆ ಕೂತ ಆ ಹುಡುಗಿ, ಬಾಯಿ ತುಂಬ ಅನ್ನ, ತಡೆಯಲಾರದ ನಗು. ಪಕ್ಕದಲ್ಲಿ ಹಿರಿಯಾಕೆ ಇನ್ನೊಂದು ತುತ್ತು ಹಿಡಿದು ತಾನೂ ನಗುತ್ತಿದ್ದಾಳೆ. ಆ ಹುಡುಗಿ ನಿನ್ನ ನಾದಿನಿಯೇ? ಅಷ್ಟು ವರ್ಷ ನನ್ನ ಹತ್ತಿರ ಇದ್ದೆ, ಇಂಥದ್ದು ಒಂದೂ ತೆಗೆದಿರಲಿಲ್ಲ ನೀನು. ನನ್ನ ಕಣ್ಣಲ್ಲಿ ನೀರು ಬಂತು. ತಮ್ಮನ ಮಗ "ಕಾಕಾ, ಇದನ್ನ ಗಾಜಿನ್ಯಾಗ ಇಡೋಣು" ಅಂದ. ದೊಡ್ಡದು ಮಾಡಿಸಿ, ಚೌಕಟ್ಟು ಹಾಕಿ ಸ್ಟುಡಿಯೋದ ಶೋಕೇಸಿನಲ್ಲಿ ನಡುವೆ ಇಟ್ಟಿದ್ದೇವೆ. ಯಶವಂತಪುರದಲ್ಲಿ ನಮ್ಮ ಗಾಜಿನೊಳಗೆ ತಮ್ಮ ಫೋಟೋ ಬರಬೇಕೆಂದು ಜನ ಹೇಗೆ ದುಂಬಾಲು ಬೀಳುತ್ತಿದ್ದರು, ಮರೆತೆಯಾ? ಹದಿನೆಂಟು ವರ್ಷದವಳಿದ್ದಾಗ ನೀನೇ ಕಾಡಿ ನಿನ್ನದು ಇಡಿಸಿಕೊಂಡಿದ್ದೆ. ಈಗ ನೀನು ತೆಗೆದದ್ದು ಬ್ಯಾಡಗಿ ಪೇಟೆಯ ಗಾಜಿನಲ್ಲಿದೆ. ಹೋಗುವವರು ಬರುವವರೆಲ್ಲ ನಿಂತು ನೋಡುತ್ತಾರೆ.

ಸಿ.ಡಿ. ಮುರಿಯಿರಿ ಎಂದು ಬರೆದಿದ್ದೀಯ. ನಿನ್ನ ಸಂಕೋಚ ನನಗೆ ಗೊತ್ತಿಲ್ಲವೇ? ಮೊದಲಿಂದಲೂ ನಿನ್ನ ಕೆಲಸ ನಿನಗೇ ಸಾಲದು. ಮುರಿಯುವುದಿಲ್ಲ ಹೋಗು.

ಗುರುಪಾದಪ್ಪ


ಸ್ಪೀಡ್ ಪೋಸ್ಟ್
ಆರ್.ಟಿ. ನಗರ
21 ಡಿಸೆಂಬರ್ 2010

ಅಪ್ಪಾಜಿ,

ಈ ಸಾಲು ಓದಿದ ಕೂಡಲೇ ಎದ್ದು ಹೋಗಿ ಆ ಚಿತ್ರ ಗಾಜಿನಿಂದ ತೆಗೆಯಿರಿ. ಚಪ್ಪಲಿ ಹುಡುಕುತ್ತಾ ಕೂರಬೇಡಿ. ಆಮೇಲೆ ಬಂದು ಮಿಕ್ಕದ್ದು ಓದಿ.

ಅವಳು ನನ್ನ ನಾದಿನಿಯಲ್ಲ. ಅವಳೇ ಲೈಬಾ. ತುತ್ತು ಕೊಡುತ್ತಿರುವವರು ಬದರುನ್ನೀಸಾ ಅವರು. ಶಾಸ್ತ್ರವೆಲ್ಲ ಮುಗಿದು, ಒಡವೆ ಕಳಚಿಟ್ಟು, ಬೆಳಗಿನಿಂದ ಉಪವಾಸವಿದ್ದ ಹುಡುಗಿಗೆ ಅತ್ತೆ ತಾವೇ ಉಣಿಸುತ್ತಿದ್ದಾಗ ತೆಗೆದದ್ದು. ಗೋಡೆಯ ಚಿತ್ರ ತೆಗೆಯುವ ಮೊದಲೇ ಬಾಡಿ ವಾಪಸ್ ಹೋಗಿತ್ತು, ಅದರಲ್ಲಿ ಕೊನೆಗೆ ತೆಗೆದ ಚಿತ್ರ ಇದೇ. ಕೊನೆಯದೇ ಬೇಕು ಅಂದಿರಿ. ಕೈ ಹಚ್ಚಬೇಡ ಅಂದಿರಿ, ಹಾಗಾಗಿ ಮುಖ ಅಳಿಸಲೂ ಆಗಲಿಲ್ಲ. ಅದೇ ಕಾರ್ಡಿನಲ್ಲಿ ಕೈತಪ್ಪಿ ತೆಗೆದ ಜಮಖಾನೆಯ ಚಿತ್ರ ಒಂದಿತ್ತು. ಅದರಲ್ಲೂ ಹೆಚ್ಚುಕಮ್ಮಿ ಅದೇ ಲೆಕ್ಕ ಇರುತ್ತಿತ್ತು ಎಂದು ಈಗ ಹೊಳೆಯುತ್ತಿದೆ. ಆಗ ನೀವು ಹೇಳಿದ್ದನ್ನು ಹೇಳಿದ ಹಾಗೆ ಮಾಡಿದೆ, ಚಿಕ್ಕಂದಿನಿಂದ ಮಾಡಿದ ಹಾಗೆ.

ಲೆಕ್ಕ ಓದಿಸಲು ಇಲ್ಲಿಯ ಇಂಟರ್‌ನೆಟ್ ಸೆಂಟರಿಗೆ ಹೋದರೆ ನಮ್ಮ ಬೀದಿಯ ಗಂಡಸರು ಇರುತ್ತಾರೆ ಎಂದು ಹೆದರಿ ಬ್ಯಾಡಗಿಗೆ ಕಳಿಸಿದೆ. ಅಷ್ಟು ದೂರದಲ್ಲಿ ನಮ್ಮನ್ನು ಬಲ್ಲವರು ಯಾರಿದ್ದಾರೆ ಅಂದುಕೊಂಡೆ. ಮುಜಫ್ಫರ್ ಸಾಹೇಬರ ವ್ಯಾಪಾರ ಯಶವಂತಪುರದ ಮಾರುಕಟ್ಟೆ ಯಾರ್ಡಿನಲ್ಲಿ. ಏನು ವ್ಯಾಪಾರ ಎಂದು ನಾನು ಯೋಚಿಸಿಯೇ ಇರಲಿಲ್ಲ. ನಿಮ್ಮ ಪತ್ರ ಓದಿದ ಮೇಲೆ ನನ್ನ ಗಂಡ ನಾಸಿರ್‌ರನ್ನು ಕೇಳಿದೆ. "ಮೆಣಸಿನಕಾಯಿ ಮಂಡಿ ಅಲ್ವಾ ಅವ್ರದ್ದು? ಸೀಸನ್ ಬಂತಲ್ಲ, ಈಗ ವಾರವಾರ ಬ್ಯಾಡಗಿಗೆ ಹೋಗ್ತಾರೆ" ಅಂದರು. ಕೈಯಲ್ಲಿದ್ದ ಪಾತ್ರೆ ಬಿದ್ದುಹೋಯಿತು.

ಹೊರಗೆ ಕಳಿಸಿದ ಚಿತ್ರ ಆ ಮನೆಯಲ್ಲಿ ಯಾರ ಕಣ್ಣಿಗೂ ಬೀಳಬಾರದೆಂದು ಹೆದರಿ ಅದನ್ನು ಕಾರ್ಡಿನಿಂದಲೂ ಅಳಿಸಿ, ಅದು ಇರಲೇ ಇಲ್ಲ ಎನ್ನುವ ಹಾಗೆ ಮಾಡಿ ಕೊಟ್ಟಿದ್ದೇನೆ. ಅಂದರೆ ಸುಳ್ಳಿನ ಮೇಲೆ ಸುಳ್ಳು. ನಾಳೆ ಇದು ಗೊತ್ತಾದರೆ ಬದರುನ್ನೀಸಾ ಅವರ ಮಾತು ಹೋಯಿತು, ನನಗೆ ಇನ್ನು ಯಾವ ಮನೆಯ ಬಾಗಿಲೂ ತೆರೆಯುವುದಿಲ್ಲ. ನನ್ನದು ಹಾಳಾಗಿ ಹೋಗಲಿ. ಲೈಬಾ ದಿನಾ ಎಂಟಕ್ಕೆ ಬ್ಯಾಗು ಹಾಕಿಕೊಂಡು ನಮ್ಮ ಮನೆ ಮುಂದೆ ಹೋಗುತ್ತಾಳೆ. ಅವಳು ಹೋಗುವುದು ಕಾಣುವವರೆಗೆ ನಾನು ಕಿಟಕಿ ಬಿಟ್ಟು ಕದಲುವುದಿಲ್ಲ.

ತೆಗೆದೆ ಎಂದು ಬರೆಯಿರಿ.

ಸಬೀರಾ


ಬ್ಯಾಡಗಿ
24 ಡಿಸೆಂಬರ್ 2010

ಸಬೀರಾ,

ಇವತ್ತು ಮಧ್ಯಾಹ್ನ ನಿನ್ನ ಪತ್ರ ಬಂತು. ಬರಿಗಾಲಲ್ಲೇ ಓಡಿದೆ. ಓಡುವಾಗಲೇ ಗೊತ್ತಿತ್ತು, ಗಾಜಿನಲ್ಲಿ ಚಿತ್ರ ಇಲ್ಲ ಎಂದು. ಆದರೂ ಓಡಿದೆ.

ನಿನ್ನೆ ಗುರುವಾರ, ಮಾರುಕಟ್ಟೆ ದಿನ. ತಮ್ಮನ ಮಗ ಊಟಕ್ಕೆ ಹೋಗಿದ್ದ, ಅಂಗಡಿಯಲ್ಲಿ ನಾನೊಬ್ಬನೇ. ಎತ್ತರದ ಆಸಾಮಿ, ಗೋರಂಟಿ ಹಚ್ಚಿದ ಗಡ್ಡ. ಗಾಜಿನ ಮುಂದೆ ತುಂಬ ಹೊತ್ತು ನಿಂತಿದ್ದ. ಒಳಗೆ ಬಂದು ಏನೋ ಕೇಳಿದ. ನಾನು ನಕ್ಕು ತಲೆಯಾಡಿಸಿದೆ. ಮತ್ತೇನೋ ಕೇಳಿದ. ಮತ್ತೆ ತಲೆಯಾಡಿಸಿದೆ. ಚಿತ್ರ ಮೆಚ್ಚಿ ಕೇಳುತ್ತಿದ್ದಾನೆ ಎಂದುಕೊಂಡು ನಾನೇ ಚೌಕಟ್ಟಿನಿಂದ ಬಿಡಿಸಿ, ಸುತ್ತಿ, ದುಡ್ಡೂ ಬೇಡವೆಂದು ಕೈಗಿಟ್ಟೆ. ಮೇಜಿನ ಮೇಲೆ ಕಾರ್ಡು ಇಟ್ಟು ಹೋದ. ಈಗ ಅದನ್ನು ಮುಂದಿಟ್ಟುಕೊಂಡೇ ಬರೆಯುತ್ತಿದ್ದೇನೆ. ಮುಜಫ್ಫರ್, ಮೆಣಸಿನಕಾಯಿ ಮಂಡಿ, ಯಶವಂತಪುರ ಎಂದಿದೆ.

ಅವನು ಏನು ಕೇಳಿದ ಎಂದು ನೀನು ಕೇಳುತ್ತೀ. ನನಗೆ ಗೊತ್ತಿಲ್ಲ ಮಗಳೇ. ನನಗೆ ಕಿವಿ ಕೇಳುವುದಿಲ್ಲ. ಎರಡು ವರ್ಷವಾಯಿತು, ಪೂರ್ತಿ ಹೋಗಿದೆ. ಫೋನ್ ಕೆಟ್ಟಿರಲಿಲ್ಲ, ಕೆಟ್ಟದ್ದು ನಾನು. ಕಿವಿಯಿಂದಲೇ ಅನ್ನ ಉಂಡವನು, ಕಿವುಡನಾದೆ ಎಂದು ನಿನಗೆ ಹೇಗೆ ಬರೆಯಲಿ? ನಾಚಿಕೆಯಾಯಿತು. ತಮ್ಮನ ಮಗ ಹೇಳುವುದನ್ನೆಲ್ಲ ಚೀಟಿಯಲ್ಲಿ ಬರೆದು ತೋರಿಸುತ್ತಾನೆ, ಹೊರಗಿನವರು ಏನು ಕೇಳಿದರೂ ನಕ್ಕು ತಲೆಯಾಡಿಸಿ ಕಾಲ ಹಾಕುತ್ತಿದ್ದೆ. ನಿನ್ನೆ ಯಾವ ಪ್ರಶ್ನೆಗೆ ಹೌದೆಂದೆನೋ, ಯಾರ ಮನೆಗೆ ಬೆಂಕಿ ಇಟ್ಟೆನೋ.

ಸಿ.ಡಿ. ಮುರಿದು ಒಲೆಗೆ ಹಾಕಿದೆ. ಕಂಪ್ಯೂಟರಿನಲ್ಲಿದ್ದದ್ದನ್ನು ನನ್ನ ಕಣ್ಣೆದುರೇ ಅಳಿಸಿಸಿದೆ. ಆದರೆ ಏನು ಪ್ರಯೋಜನ? ನಾನು ಬೆಂಗಳೂರಿಗೆ ಬಂದು ಆ ಮನುಷ್ಯನ ಕಾಲು ಹಿಡಿಯಲೇ? ಬರೆ, ಬರುತ್ತೇನೆ.

ಗುರುಪಾದಪ್ಪ


ಆರ್.ಟಿ. ನಗರ
30 ಡಿಸೆಂಬರ್ 2010

ಅಪ್ಪಾಜಿ,

ಬರಬೇಡಿ. ನೀವು ಬಂದರೆ ಯಾರು, ಏಕೆ ಎಂದು ಹತ್ತು ಜನ ಕೇಳುತ್ತಾರೆ.

ಮುಜಫ್ಫರ್ ಸಾಹೇಬರು ಶನಿವಾರವೇ ಊರಿಗೆ ಬಂದಿದ್ದಾರೆ. ಏನೂ ಆಗಿಲ್ಲ. ಏನೂ ಆಗದಿರುವುದೇ ಹೆಚ್ಚು ಭಯ. ಸೋಮವಾರದಿಂದ ಲೈಬಾ ಕಾಲೇಜಿಗೆ ಹೋಗಿಲ್ಲ. ಎಂಟಾಗುತ್ತದೆ, ಒಂಬತ್ತಾಗುತ್ತದೆ, ಬೀದಿಯಲ್ಲಿ ಅವಳಿಲ್ಲ. ಆ ಮನೆಯ ಮಹಡಿಯ ಕಿಟಕಿ ಮುಚ್ಚಿದೆ. ಹೋಗಿ ಕೇಳೋಣವೆಂದು ಗೇಟಿನ ತನಕ ಹೋಗಿ ಎರಡು ಸಲ ವಾಪಸ್ ಬಂದೆ. ಕೂತಲ್ಲಿ ಕೂರಲಾರೆ, ನಿಂತಲ್ಲಿ ನಿಲ್ಲಲಾರೆ. ನಾಸಿರ್ ಜ್ವರವೇನೋ ಎಂದು ಹಣೆ ಮುಟ್ಟಿ ನೋಡುತ್ತಾರೆ.

ನಿಮ್ಮ ಕಿವಿಯ ವಿಷಯ ಓದಿ ತುಂಬ ಅತ್ತೆ. ನನಗೆ ಮೊದಲೇ ಹೇಳಬಾರದಿತ್ತೇ? ನಾನೂ ನಿಮಗೆ ಹೇಳಬೇಕಾದ್ದು ಹೇಳಲಿಲ್ಲ, ಯಾವ ಬಾಯಲ್ಲಿ ಕೇಳಲಿ.

ಸಬೀರಾ


ಆರ್.ಟಿ. ನಗರ
8 ಜನವರಿ 2011

ಅಪ್ಪಾಜಿ,

ಸೋಮವಾರ ಸಂಜೆ ಮುಜಫ್ಫರ್ ಸಾಹೇಬರು ನಮ್ಮ ಮನೆಗೆ ಬಂದರು. ನಾಸಿರ್ ಕೆಲಸದಿಂದ ಬಂದಿರಲಿಲ್ಲ. ಹೆಂಗಸೊಬ್ಬಳೇ ಇರುವ ಮನೆ ಎಂದು ಒಳಗೆ ಬರದೆ ಹೊಸ್ತಿಲ ಆಚೆ, ತೆರೆದ ಬಾಗಿಲಲ್ಲೇ ನಿಂತರು. ಕೈಯಲ್ಲಿ ಸುತ್ತಿದ ಕಾಗದ.

"ಎಷ್ಟಿವೆ?" ಅಂದರು. ನೆಲ ನೋಡುತ್ತಿದ್ದರು.

"ಏನು ಭಾಯಿಜಾನ್?"

"ಬ್ಯಾಡಗಿ ಸ್ಟುಡಿಯೋ ಅಜ್ಜನ್ನ ಕೇಳ್ದೆ, ಇದರ ಥರ ಇನ್ನೂ ಇವೆಯಾ ಅಂತ. ನಗ್ತಾ ತಲೆ ಆಡಿಸಿದ್ರು. ಬೇರೆಯವ್ರಿಗೂ ಕೊಟ್ಟಿದ್ದೀರಾ ಅಂದೆ. ಅದಕ್ಕೂ ಆಡಿಸಿದ್ರು. ಹತ್ತು ದಿನದಿಂದ ನಿದ್ದೆ ಇಲ್ಲ ನಂಗೆ. ಹುಬ್ಬಳ್ಳಿ, ಹಾವೇರಿ, ಎಲ್ಲಾ ಸ್ಟುಡಿಯೋ ಮುಂದೆ ನಿಂತು ನೋಡ್ದೆ. ಸುಳ್ಳು ಹೇಳ್ಬೇಡಿ, ಎಷ್ಟಿವೆ?"

ಆ ಮನುಷ್ಯ ನನ್ನನ್ನು ಹೆದರಿಸಲು ಬಂದಿರಲಿಲ್ಲ, ಅಪ್ಪಾಜಿ. ನನಗಿಂತ ಹೆಚ್ಚು ಹೆದರಿದ್ದರು. "ಅವ್ರಿಗೆ ಕಿವಿ ಕೇಳ್ಸಲ್ಲ. ಯಾರೇನು ಕೇಳಿದ್ರೂ ಹಂಗೇ ತಲೆ ಆಡಿಸ್ತಾರೆ. ಇದೊಂದೇ ಇದ್ದಿದ್ದು" ಎಂದೆ. ಶಟರಿನ ಲೆಕ್ಕದಿಂದ ಹಿಡಿದು ಎಲ್ಲವನ್ನೂ ಹೇಳಿದೆ. ನಿಮ್ಮ ಪತ್ರ ತಂದು ತೋರಿಸಿದೆ. "ಕಿವುಡ್ರಾ?" ಎಂದು ಎರಡು ಸಲ ಕೇಳಿ ಮೆಟ್ಟಿಲ ಮೇಲೆ ಕುಸಿದು ಕೂತರು. ಗಡ್ಡದ ಮೇಲೆ ನೀರು ಇಳಿಯಿತು.

ಮನೆಯಲ್ಲಿ ಯಾರಿಗೂ ಹೇಳಿಲ್ಲವಂತೆ. "ಅಮ್ಮಿ ಮಾತು ಕೊಟ್ಟವ್ರು. ಗೊತ್ತಾದ್ರೆ ಊಟ ಬಿಡ್ತಾರೆ. ಅಬ್ಬಾ ಹೋದ್ಮೇಲೆ ಅವ್ರು ಹಿಂಗೆ ನಕ್ಕಿದ್ದು ನಾನು ನೋಡೇ ಇಲ್ಲ. ಬೇರೆ ಊರಲ್ಲಿ, ಬೀದೀಲಿ ನಿಂತು ನೋಡ್ಬೇಕಾಯ್ತು" ಎಂದರು. ಲೈಬಾಳ ಮುಖ ಅವರು ಅಲ್ಲಿಯವರೆಗೆ ಕಂಡವರೇ ಅಲ್ಲ. ಪಕ್ಕದಲ್ಲಿ ತಾಯಿ ಇದ್ದುದರಿಂದ ಯಾರೆಂದು ತಿಳಿಯಿತು. ಮತ್ತೆ ನೋಡಬಾರದೆಂದು ಅವಳಿದ್ದ ಅರ್ಧಕ್ಕೆ ಕಾಗದ ಅಂಟಿಸಿಬಿಟ್ಟಿದ್ದರು. ಹುಡುಗಿಗೆ ಬರೀ ಜ್ವರ ಬಂದಿತ್ತಂತೆ, ನಾಳೆಯಿಂದ ಕಾಲೇಜು. "ಅದು ನಿಲ್ಲಲ್ಲ" ಎಂದರು.

ಆಮೇಲೆ ಸುರುಳಿಯನ್ನು ನನ್ನ ಕಡೆ ಚಾಚಿ, "ನೀವು ಕತ್ತರಿಸಿ. ಅಮ್ಮಿದು ನಂಗೆ ಕೊಡಿ. ಇನ್ನೊಂದು ನೀವೇ ಸುಟ್ಟುಬಿಡಿ" ಎಂದರು.

ಮೇಜಿನ ಮೇಲೆ ಹರಡಿದೆ. ಎಲ್ಲಿ ಕತ್ತರಿಸಲಿ? ಬದರುನ್ನೀಸಾ ಅವರ ಕೈ ಲೈಬಾಳ ಬಾಯಿಯ ತನಕ ಚಾಚಿದೆ. ಎಷ್ಟು ತಿರುಗಿಸಿದರೂ ದಾರಿಯಿರಲಿಲ್ಲ. ಮಣಿಕಟ್ಟಿನ ಹತ್ತಿರ ಕತ್ತರಿಸಿದೆ. ಅವರು ನಗುವ ತಾಯಿಯನ್ನು ಜೇಬಿನಲ್ಲಿಟ್ಟುಕೊಂಡು ಹೋದರು. ಲೈಬಾಳನ್ನು ಒಲೆಯ ಮೇಲೆ ಹಿಡಿದಾಗ ಅವಳ ಜೊತೆ ಆ ತುತ್ತೂ ಆ ಬೆರಳುಗಳೂ ಸುಟ್ಟವು. ನನ್ನ ಜೀವಮಾನದಲ್ಲಿ ಅಂಥ ಚಿತ್ರ ಮತ್ತೆ ತೆಗೆಯುತ್ತೇನೆಯೇ, ಗೊತ್ತಿಲ್ಲ.

ಹೊರಡುವಾಗ ಅವರು ಇನ್ನೊಂದು ಮಾತು ಹೇಳಿದರು. ಫೆಬ್ರುವರಿ ಕೊನೆಗೆ ಅವರ ಮಗಳ ನಿಕಾಹ್, ಹೆಂಗಸರ ಕಡೆಗೆ ನಾನೇ ಬರಬೇಕಂತೆ. "ನೀವು ಬರ್ದೇ ಇದ್ರೆ ಅಮ್ಮಿ ಯಾಕೆ ಅಂತಾರೆ. ಯಾಕೆ ಅನ್ನೋದು ಹುಟ್ಲೇಬಾರ್ದು." ಇದು ನಂಬಿಕೆಯೋ, ನನ್ನನ್ನು ಕಣ್ಣಳತೆಯಲ್ಲಿ ಇಟ್ಟುಕೊಳ್ಳುವ ಉಪಾಯವೋ, ಎಷ್ಟು ಯೋಚಿಸಿದರೂ ತಿಳಿಯದು. ಹೂಂ ಎಂದೆ.

ನೀವು ಬೈಯುತ್ತೀರಿ, ಆದರೂ ಹೇಳುತ್ತೇನೆ. ನಂದಕುಮಾರ್ ಹತ್ತಿರ ಹೋಗಿ ಅದೇ ಬಾಡಿ ಕೊಂಡೆ. ತೊಂಬತ್ತೊಂದು ಸಾವಿರ ಎಂದಾಗ ಅವರು ತಲೆ ಕೆರೆದುಕೊಂಡು ರೇಟು ಇಳಿಸಿದರು. ಬೇರೆ ಯಾವುದು ಆರಿಸಿದರೂ ಮತ್ತೆ ಲೆಕ್ಕ ನೋಡಿಸಬೇಕು, ಮತ್ತೆ ಯಾರಿಗೋ ಒಂದು ಚಿತ್ರ ಕೊಡಬೇಕು. ಖಾಲಿ ನೆಲದ ಚಿತ್ರವಾದರೂ ಸರಿ, ಈ ಕೈಯಿಂದ ಇನ್ನೊಂದು ಸಿ.ಡಿ. ಲಕೋಟೆಗೆ ಹಾಕಲಾರೆ. ಇದಕ್ಕೆ ಎಷ್ಟು ದಿನ ಬಾಕಿಯಿದೆ ಎಂಬುದಾದರೂ ಗೊತ್ತಿದೆ. ಮದುವೆಯ ನಡುವೆ ನಿಂತರೆ ನಿಲ್ಲಲಿ, ಆ ಭಯ ತಡೆದುಕೊಳ್ಳಬಲ್ಲೆ.

ಇವತ್ತು ಬೆಳಿಗ್ಗೆ ಲೈಬಾ ಕಾಲೇಜಿಗೆ ಹೋಗುತ್ತಾ ನಮ್ಮ ಬಾಗಿಲಲ್ಲಿ ನಿಂತಳು.

"ಆಪಾ, ಅಮ್ಮಿ ನಂಗೆ ತಿನ್ನಿಸ್ತಾ ಇದ್ರಲ್ಲ, ನಾನು ಬಾಯ್ತುಂಬಾ ಇಟ್ಕೊಂಡು ನಗ್ತಾ ಇದ್ನಲ್ಲ, ಆ ಫೋಟೋ ಆಲ್ಬಮ್ಮಲ್ಲಿ ಇಲ್ವೇ ಇಲ್ಲ. ನಾನೂ ಅಮ್ಮಿ ಅದೊಂದಕ್ಕೇ ಕಾಯ್ತಾ ಇದ್ವಿ."

"ಆ ಹೊತ್ತಿಗೆ ಶಟರ್ ನಿಂತೋಗಿತ್ತು ಕಣೇ" ಎಂದೆ.

"ಅಯ್ಯೋ, ಹೋಗ್ಲಿ ಬಿಡಿ ಆಪಾ" ಎಂದು ನನ್ನ ಕೆನ್ನೆ ಮುಟ್ಟಿ ಬಸ್ಸಿಗೆ ಓಡಿದಳು.

ನಿಮ್ಮ
ಸಬೀರಾ